ಲಾಲ್‌ಸಾಬರ ಕೊನೆಯ ಪ್ರಯೋಗ

ಐದನೇ ಸಲವೂ ಮಸ್ಕಿ ಮಿಲ್ಲಿನ ಫೋನನ್ನು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಅಂಗಳದಲ್ಲಿ ಗಂಡಸರು ಲಾಲ್‌ಸಾಬರ ಶವವಿದ್ದ ಜನಾಜಾಕ್ಕೆ ಹೆಗಲು ಕೊಟ್ಟರು. ನಂದಿನಿ ಫೋನನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಹಿಂದೆ ಸರಿದಳು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಒಬ್ಬರೇ ಮಾಲೀಕರ ಮೂರು ಅಕ್ಕಿ ಮಿಲ್ಲುಗಳು. ಮೂರಕ್ಕೂ ಲಾಲ್‌ಸಾಬರೇ ಹಿರಿಯ ಫಿಟ್ಟರು, ನಂದಿನಿ ಇಂಜಿನಿಯರು. ನಿನ್ನೆ ಸಂಜೆ ನಮಾಜಿಗೆಂದು ಕೈಕಾಲು ತೊಳೆಯುತ್ತಿದ್ದ ಲಾಲ್‌ಸಾಬರು ಕುಸಿದವರು ಮತ್ತೆ ಏಳಲಿಲ್ಲ. ಇವತ್ತು ಸಿಂಧನೂರಿನ ಅವರ ಮನೆ ಮುಂದೆ ಮಸ್ಕಿಯ ಕೆಲಸಗಾರರು ಎರಡು ಟೆಂಪೋ ತುಂಬ ಬಂದಿಳಿದಾಗಲೇ ನಂದಿನಿ ಫೋನು ಹಚ್ಚತೊಡಗಿದ್ದಳು. ಎಲ್ಲರೂ ಇಲ್ಲಿದ್ದರೆ ಅಲ್ಲಿ ಡ್ರೈಯರಿನ ಹತ್ತಿರ ಯಾರು?

ಭತ್ತ ಒಣಗಿಸುವ ಆ ಯಂತ್ರಕ್ಕೆ ಲಾಲ್‌ಸಾಬರು ಬಿಸಿಗಾಳಿಯನ್ನು ಹದದಲ್ಲಿಡಲು ತಾವೇ ಯೋಚಿಸಿದ ಹೊಸ ಗಾಳಿಬಾಗಿಲು ಕೂರಿಸಿ ನಾಲ್ಕು ದಿನವಾಗಿತ್ತು. ಬಿಸಿ ಮಿತಿಮೀರಿದರೆ ಹೊಟ್ಟಿನ ದೂಳಿಗೆ ಒಂದು ಕಿಡಿ ಸಾಕು.

"ಯಾರೂ ಎತ್ತವಲ್ರೇನು?" ಮ್ಯಾನೇಜರ್ ಶಿವಪ್ರಸಾದ ಹತ್ತಿರ ಬಂದ. "ಏನರ ಹೆಚ್ಚುಕಮ್ಮಿ ಆತಂದ್ರ ಮುಗೀತ್ರಿ. ಮಾಲೀಕ್ರು ಮೊದಲ ಅನ್ನಾಕತ್ತಾರ, ವಾರವಾರ ಗುರುವಾರದ ಈ ಮೀಟಿಂಗು ಮುದುಕನ ಹುಚ್ಚು, ಅವನ ಸಂಗಾಟನ ಹೋಗ್ಲಿ ಅಂತ."

"ಹುಚ್ಚಂತ ಹುಚ್ಚು!" ಬಾಗಿಲಲ್ಲಿ ಕುಳಿತಿದ್ದ ಹುಸೇನ್‌ಬೀ ಅಂದಳು. ಸಿಂಧನೂರು ಮಿಲ್ಲಿನಲ್ಲಿ ಅಕ್ಕಿ ಆರಿಸುವವಳು. ಎರಡು ಬೆರಳಿಲ್ಲದ ಬಲಗೈಯನ್ನು ಮಡಿಲಿನಿಂದ ಎತ್ತಿದಳು. "ಆ ಹುಚ್ಚು ಹೆಂಗ ಹತ್ತಿತು, ನಿಮಗೇನ್ ಗೊತ್ತೈತಿ?"

*

ಒಂಬತ್ತು ವರ್ಷದ ಹಿಂದೆ ಅವಳು ಲಾಲ್‌ಸಾಬರಿಗೆ ಹೇಳಿದ್ದಳು: "ಭಾಯ್, ಅಕ್ಕಿ ಸಾಗೋ ಬೆಲ್ಟಿನ ಉದ್ದಕ್ಕ ಒಂದು ಹಗ್ಗ ಕಟ್ರಿ. ಜಗ್ಗಿದ್ರ ಮಷೀನ್ ನಿಂದರಬೇಕು."

ಲಾಲ್‌ಸಾಬರು ನಕ್ಕುಬಿಟ್ಟಿದ್ದರು. "ಅಕ್ಕಿ ಆರಿಸಾಕಿ ಮಿಸ್ತ್ರಿ ಆದ್ಲಪ್ಪ!" ಸುತ್ತಲಿದ್ದವರೂ ನಕ್ಕರು. ಅದಾದ ಹದಿನೆಂಟನೇ ದಿನ ಬೆಲ್ಟು ಅವಳ ಕೈಯನ್ನು ಎಳೆದುಕೊಂಡಿತು. ಸ್ವಿಚ್ಚು ಇದ್ದದ್ದು ಗೋಡೆಯಾಚೆ.

ಆಸ್ಪತ್ರೆಯಲ್ಲಿ ಲಾಲ್‌ಸಾಬರು ಮಂಚದ ಕಾಲಬಳಿ ನಿಂತೇ ಇದ್ದರು. ಮುಂದಿನ ಗುರುವಾರ ಹಗ್ಗ ಕಟ್ಟಿದರು. ಅವತ್ತಿನಿಂದ ವಾರವಾರ ಚಹಾದ ಹೊತ್ತಿಗೆ ಎಲ್ಲರನ್ನೂ ಕೂಡಿಸಿದರು. ಯಾರು ಏನೇ ಹೇಳಲಿ, ನಗುವಂತಿಲ್ಲ. ಹೆಸರು ಸಮೇತ ಬರೆದಿಡಬೇಕು. ಒಂದು ಮಿಲ್ಲಿನಲ್ಲಿ ಒಂದು ವಾರ ಮಾಡಿ ನೋಡಬೇಕು, ಆಗ ಯಂತ್ರದ ಹತ್ತಿರ ಒಬ್ಬರು ಇರಲೇಬೇಕು. ಗೆದ್ದದ್ದು ಉಳಿದೆರಡು ಮಿಲ್ಲಿಗೂ ಹೋಗಬೇಕು. ಸೋತದ್ದು ಯಾಕೆ ಸೋತಿತೆಂದು ಮೂರೂ ಕಡೆ ತಿಳಿಯಬೇಕು.

*

ನಗಬಾರದೆಂಬ ನಿಯಮವನ್ನು ಲಾಲ್‌ಸಾಬರು ಮೊದಲು ತಮಗೇ ಹಾಕಿಕೊಂಡಿದ್ದರೆಂದು ನಂದಿನಿಗೆ ಈಗ ತಿಳಿಯಿತು. ಅಷ್ಟರಲ್ಲಿ ಫೋನು ನಡುಗಿತು. ಮಸ್ಕಿಯ ಡ್ರೈಯರ್ ಆಪರೇಟರ್ ಇಶ್ತಿಯಾಕ್. ಲಾಲ್‌ಸಾಬರ ಸ್ವಂತ ತಂಗಿಯ ಮಗ.

"ಎಲ್ಲಿದ್ದೀ ಇಶ್ತಿಯಾಕ್?"

"ಇಲ್ಲೇ ಮಿಲ್ಲಿನ್ಯಾಗ್ರೀ. ಎಲ್ರೂ ಮಣ್ಣಿಗೆ ಹೊಂಟ್ರು. ಒಬ್ಬರು ಇರಬೇಕಲ್ರೀ, ಮಾಮುನ ಕಾನೂನು."

"ಬಿಸಿ?"

"ಏರಕೋಂತನ ಹೋತ್ರೀ. ಬಂದ್ ಮಾಡೀನಿ. ಒಲಿ ಬೆಂಕಿ ಹೊರಗ ತೆಗೆದು, ಭತ್ತ ಇಳಸೂತನಕ ಫೋನ್ ಎತ್ತಾಕ ಕೈ ಬಿಡುವಿರಲಿಲ್ಲ." ಆಮೇಲೆ ಪ್ರಯೋಗ ಬರೆದಿಡುವ ಪುಸ್ತಕದ ಹಾಳೆ ಮಗುಚಿದ ಸದ್ದು ಕೇಳಿಸಿತು. "ಮೇಡಂ, ಸೋತೈತಿ ಅಂತ ಬರೀಲೇನ್ರಿ? ಮಾಮುನ ಹೆಸರ ಮುಂದ... ಇವತ್ತ?"

ನಂದಿನಿ ಫೋನನ್ನು ಸ್ಪೀಕರಿಗೆ ಹಾಕಿದ್ದಳು. ಹುಸೇನ್‌ಬೀ ಫೋನಿಗೆ ಬಾಗಿದಳು. "ಬರಿಯೋ ಬೇಟಾ. ಯಾಕ ಸೋತಿತು, ಅದನ್ನೂ ಹುಡುಕಿ ಬರಿ. ಅವರದು ಮುಚ್ಚಿಟ್ರ ನಾಳೆ ನಮ್ಮದು ಯಾರು ಕೇಳ್ತಾರ?"

ಶಿವಪ್ರಸಾದ ಹಣೆ ಒರೆಸಿಕೊಂಡ. "ಮಾಲೀಕ್ರಿಗೆ ಏನಂತ ಹೇಳ್ಲಿ?"

"ಇದ್ದದ್ದು ಹೇಳ್ರಿ ಸರ್," ನಂದಿನಿ ಅಂದಳು. " ಸೋತೈತಿ, ಸುಟ್ಟಿಲ್ಲ."

ದಫನ್ ಮುಗಿಸಿ ಕೆಲಸಗಾರರ ಎರಡೂ ಟೆಂಪೋ ಮಸ್ಕಿ ಮುಟ್ಟಿದಾಗ ಬಿಸಿಲು ಇಳಿದಿತ್ತು. ಇಶ್ತಿಯಾಕ್ ಏಣಿಯ ತುದಿಯಲ್ಲಿ ನಿಂತು, ತಣ್ಣಗಾದ ಗಾಳಿಬಾಗಿಲೊಳಗೆ ಭುಜದವರೆಗೂ ಕೈ ಹಾಕಿ ತಡಕಾಡುತ್ತಿದ್ದ. ಯಾರತ್ತಲೂ ತಿರುಗಲಿಲ್ಲ. ಏಣಿ ಅಲುಗುತ್ತಿತ್ತು. ಟೆಂಪೋದಿಂದ ಇಳಿದವರು ಒಬ್ಬೊಬ್ಬರಾಗಿ ಬಂದು, ಕಬರಸ್ತಾನದ ಮಣ್ಣು ಹತ್ತಿದ ಕೈಗಳಿಂದಲೇ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.