ಬೆಳ್ಳಿ ಬಣ್ಣದ ಪೈಪು

ಶಿವಶರಣಪ್ಪ ಮೋಟಾರು ಕೊಂಡ ವರ್ಷ ಅದು ತಾನಾಗಿ ಓಡಿದ್ದಕ್ಕಿಂತ ಎತ್ತುಗಳು ಅದನ್ನು ಎಳೆದು ತಂದದ್ದೇ ಹೆಚ್ಚು. ಸೋಲಾಪುರದ ಹತ್ತಿ ವ್ಯಾಪಾರಿಯೊಬ್ಬ ಬೇಸತ್ತು ಕೈಬಿಟ್ಟ ಗಾಡಿ ಅದು. ಅಕ್ಕಲಕೋಟದ ಪೇಟೆಯಲ್ಲಿ ಅದು ಕೆಮ್ಮಿ ಕೆಮ್ಮಿ ನಿಂತಾಗ ಶಿವಶರಣಪ್ಪ ಕೆಳಗಿಳಿಯುತ್ತಿರಲಿಲ್ಲ. ತಾನೇ ಬೇಕೆಂದು ನಿಲ್ಲಿಸಿದವನಂತೆ ಮೀಸೆ ತಿರುವುತ್ತ ಕೂತಿರುತ್ತಿದ್ದ. ಸುದ್ದಿ ಅಡಿಗೆಮನೆಗೆ ಮುಟ್ಟಿದರೆ ಅವನ ಹೆಂಡತಿ ಇಂದುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಎತ್ತಿಗಿ ಹಿಂಡಿ ಒಂದೀಟು ಜಾಸ್ತಿ ಹಾಕ್ರಿ. ಖರೆ ಇಂಜಿನ್ನ ಅವ," ಅನ್ನುತ್ತಿದ್ದಳು.

ಇಂದುಬಾಯಿ ಸೋಲಾಪುರದಲ್ಲಿ ಹುಟ್ಟಿ ಬೆಳೆದವಳು. ಅವಳ ಅಪ್ಪ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ತವರುಮನೆಯ ಅಡಿಗೆಮನೆಯಲ್ಲೂ ಬಲ್ಬು ಉರಿಯುತ್ತಿತ್ತು. ಮದುವೆಯಾಗಿ ಈ ಹಳ್ಳಿಗೆ ಬಂದ ಮೇಲೆ ಅವಳ ಪಾಲಿಗೆ ಚಿಮಣಿ ದೀಪ. ಮನೆಗೆ ಕರೆಂಟು ಬಂದಾಗ ಶಿವಶರಣಪ್ಪ ಪಡಸಾಲೆಗೊಂದು, ಬೀದಿ ಬಾಗಿಲಿಗೊಂದು ದೀಪ ಹಾಕಿಸಿ ಕೈ ತೊಳೆದುಕೊಂಡಿದ್ದ. "ಅಡಿಗಿ ಮನ್ಯಾಗ ಯಾರ ಬಂದು ನೋಡ್ತಾರ?" ಅಂದಿದ್ದ. ಅಂದಿನಿಂದ ಅವಳು ಅದರ ಮಾತೆತ್ತಲಿಲ್ಲ. ಕೇಳಿ ಇಲ್ಲವೆನ್ನಿಸಿಕೊಳ್ಳುವುದಕ್ಕಿಂತ ಆ ಮನುಷ್ಯನನ್ನು ಒಳಗೊಳಗೇ ಹಗುರಾಗಿ ನೋಡುವುದು ಅವಳಿಗೆ ಸುಲಭವಾಗಿತ್ತು.

ಈಗ ಗ್ಯಾರೇಜಿಗೆ ದೀಪ ಬೇಕಂತೆ. ಅಂಗಳದ ಆಚೆ ತುದಿಯಲ್ಲಿ, ದನದ ಕೊಟ್ಟಿಗೆ ದಾಟಿ, ಮೋಟಾರಿಗೆಂದು ತಗಡು ಹೊದಿಸಿದ ಕೋಣೆ ಎದ್ದಿತ್ತು. ಸಂಜೆ ಬಂದವರಿಗೆ ಗಾಡಿ ಕಾಣುವುದಿಲ್ಲ ಎನ್ನುವುದು ಶಿವಶರಣಪ್ಪನ ದುಃಖ.

ಕೆಲಸಕ್ಕೆ ಸೋಲಾಪುರದಿಂದ ಖಂಡಪ್ಪ ಎಂಬ ವಾಯರಮನ್ ಬಂದ. ಖಾಕಿ ಪ್ಯಾಂಟು, ಕಿವಿಗೆ ಪೆನ್ಸಿಲು. ಬಸ್ಸಿನಿಂದ ಇಳಿದಾಗಿನಿಂದ ಊರನ್ನೇ ಮೂಗು ಮುರಿದು ನೋಡುತ್ತಿದ್ದ. "ಹೊರಗಿನ ವಾಯರು ಬಿಸಲಿಗಿ ಸುಟ್ಟ ಹೋಗ್ತದ ಮಾಲಕ. ಕಬ್ಬಿಣದ ಪೈಪಿನೊಳಗ ಹಾಕಬೇಕು. ಪೈಪು ನೆಲದಾಗ ಹುಗದ್ರ ಬರೋಬ್ಬರಿ," ಅಂದ.

"ನೆಲದಾಗ ಹುಗದ್ರ ಯಾರಿಗಿ ಕಾಣಸ್ತದ?" ಎಂದ ಶಿವಶರಣಪ್ಪ.

ಖಂಡಪ್ಪ ತುಟಿ ಕೊಂಕಿಸಿದ. ಪೈಪು ಅಂಗಳದ ಗೋಡೆಯ ಮೇಲೆ, ಸೊಂಟದ ಎತ್ತರಕ್ಕೆ ಹೋಗಲಿ ಎಂದಾಯಿತು. ಅದಕ್ಕೆ ಬೆಳ್ಳಿ ಬಣ್ಣವನ್ನೂ ಬಳಿಯಬೇಕು. "ಇನ್ನೊಂದು ಮಾತು. ಅರ್ಥಿಂಗಿಗಿ ಒಂದು ಕುಣಿ ತೆಗದು, ತಾಮ್ರದ ಹಲಗಿ ಹುಗದು, ಪೈಪಿಗಿ ಅಲ್ಲಿಂದ ತಂತಿ ಕಟ್ಟಬೇಕು," ಎಂದು ಖಂಡಪ್ಪ ಸೇರಿಸಿದ.

"ಬಂಗಾರದಂಥಾ ತಾಮ್ರ ಮಣ್ಣಾಗ ಹಾಕಲೇನು? ನನಗೇನ ಹುಚ್ಚ ಹಿಡದದ?"

"ಮಾಲಕರ ಮರ್ಜಿ," ಅಂದ ಖಂಡಪ್ಪ. ಯಾಕೆ ಬೇಕು ಎಂದು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಹಳ್ಳಿ ಸಾಹುಕಾರನಿಗೆ ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಬೇಕು ಎನ್ನುವುದು ಅವನ ಮುಖದಲ್ಲೇ ಇತ್ತು. ಗರಗಸದಿಂದ ಪೈಪು ಕೊಯ್ದ. ಕೊಯ್ದ ಬಾಯಿ ಚೂಪಾಗಿ ಉಳಿದದ್ದನ್ನು ಉಜ್ಜಿ ನಯ ಮಾಡಲಿಲ್ಲ. ತಿರುವಿನಲ್ಲಿ ವಾಯರು ಸಿಕ್ಕಿಕೊಂಡಾಗ ಗೋಡೆಗೆ ಕಾಲು ಕೊಟ್ಟು ಜಗ್ಗಿದ.

ಊಟಕ್ಕೆ ಕೂತಾಗ ರೊಟ್ಟಿ ಮುರಿದು ನೋಡಿ, "ನಮ್ಮ ಸೋಲಾಪುರದಾಗ ಇಷ್ಟ ದಪ್ಪ ಬಡಿಯೂದಿಲ್ಲರಿ," ಅಂದ.

"ನಾನೂ ಅಲ್ಲೇ ಹುಟ್ಟಿದಾಕಿ," ಎಂದಳು ಇಂದುಬಾಯಿ. "ಅಲ್ಲಿ ಮಂದಿ ಮನ್ಯಾಗ ಇಷ್ಟ ತಿನ್ನೂದೂ ಇಲ್ಲ." ಗಂಡನೂ ವಾಯರಮನ್ನನೂ ಒಂದೇ ಗಾಡಿಗೆ ಹೂಡಬಹುದಾದ ಜೋಡಿ ಎಂದುಕೊಂಡು ಒಳಗೆ ಹೋದಳು.

ಕೊಟ್ಟಿಗೆಯ ಕೆಲಸಕ್ಕೆ ಹಣಮವ್ವ ಬರುತ್ತಿದ್ದಳು. ಅವಳ ಗಂಡ ಕಾಮಣ್ಣ ಕುರಿ ಕಾಯುವವನು. ಕುಲದೇವರು ಬೀರೋಬನ ಹೆಸರು ಹೇಳದೆ ಹಣಮವ್ವ ಸಗಣಿಯ ಬುಟ್ಟಿಯನ್ನೂ ಎತ್ತುತ್ತಿರಲಿಲ್ಲ. ಗ್ಯಾರೇಜಿನ ದೀಪ ಹತ್ತಿದ ಕೆಲವೇ ದಿನಕ್ಕೆ ಒಂದು ಮುಂಜಾನೆ ಅವಳು ಅಡಿಗೆಮನೆಯ ಬಾಗಿಲಿಗೆ ಬಂದಳು.

"ಬಾಯಾರ, ಆ ಪೈಪು ಕಡೀತದರಿ. ನಿನ್ನಿ ಸಂಜೀಕ ಕೈ ತಾಗಿತು, ಮೊಣಕೈ ತನಕ ಜುಮ್ ಅಂತು."

ಇಂದುಬಾಯಿ ಅವಳ ಜೊತೆಗೇ ಅಂಗಳಕ್ಕೆ ಇಳಿದಳು. ನೆಟ್ಟಗೆ ಹೋಗಿ ಪೈಪನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಏನೂ ಆಗಲಿಲ್ಲ. ತಣ್ಣನೆಯ ಕಬ್ಬಿಣ, ಅಷ್ಟೇ.

"ಎಲ್ಲದವಾ ಇದರ ಹಲ್ಲು?" ಎಂದು ನಕ್ಕಳು. "ಸಂಜೀ ಕಸಾ ಹೊಡಿಯಾಕ ಬ್ಯಾಸರಾದ್ರ ಹಂಗಂತ ಹೇಳು. ಕಬ್ಬಿಣದ ಮ್ಯಾಲ ಯಾಕ ಹಾಕ್ತಿ? ಕುರಿ ಹಿಂದ ತಿರಗಿ ತಿರಗಿ ನಿನ್ನ ತೆಲಿನೂ ಹಂಗ ಆಗ್ಯಾದ."

ಹಣಮವ್ವ ಪೊರಕೆ ತೆಗೆದುಕೊಂಡು ಹೋದಳು. ಗ್ಯಾರೇಜಿನ ದೀಪಕ್ಕೆಂದು ಪಡಸಾಲೆಯಲ್ಲಿ ಹಾಕಿದ ಸ್ವಿಚ್ಚು ಹಗಲು ಹೊತ್ತು ಆರಿರುತ್ತದೆ, ಆಗ ಪೈಪಿನೊಳಗಿನ ತಂತಿಯಲ್ಲಿ ಕರೆಂಟೇ ಇರುವುದಿಲ್ಲ ಎಂಬುದು ಇಂದುಬಾಯಿಯ ತಲೆಗೆ ಹೊಳೆಯಲಿಲ್ಲ. ಆ ನಗೆಯ ಖುಷಿ ಅವಳಿಗೆ ಮಧ್ಯಾಹ್ನದವರೆಗೂ ಇತ್ತು.

ಮೃಗಶಿರದ ಮಳೆ ಹಿಡಿದ ಒಂದು ಸಂಜೆ ಫಸಲು ಮಾರಿಸಿಕೊಡುವ ಸೋಲಾಪುರದ ಅಡತಿ ಅಂಗಡಿಯ ಶಾಂತಲಿಂಗಪ್ಪ ಬಂದಿದ್ದ. ಶಿವಶರಣಪ್ಪ ಸ್ವಿಚ್ಚು ಒತ್ತಿ, ಕೊಡೆ ಹಿಡಿದು ಅವನನ್ನು ಗ್ಯಾರೇಜಿಗೆ ಕರೆದೊಯ್ದ. ಇಂದುಬಾಯಿ ಅಡಿಗೆಮನೆಯ ಹೊರಗೆ ಸೂರಿನಡಿಯ ಕಟ್ಟೆಯ ಮೇಲೆ ನಿಂತು ಆ ಮೆರವಣಿಗೆಯನ್ನು ನೋಡುತ್ತಿದ್ದಳು. ಹಣಮವ್ವ ನೆನೆದ ಸೀರೆಯಲ್ಲಿ ಎಮ್ಮೆಯನ್ನು ಒಳಗೆ ಅಟ್ಟುತ್ತಿದ್ದಳು. ಕೆಸರಿನಲ್ಲಿ ಕಾಲು ಜಾರಿತು. ಬೀಳದಂತೆ ಗೋಡೆಯ ಕಡೆ ಕೈಚಾಚಿ ಪೈಪು ಹಿಡಿದಳು. ಹಿಡಿದವಳು ಬಿಡಲಿಲ್ಲ. ಮೈ ಸೆಟೆದುಕೊಂಡಿತು, ಬಾಯಿ ತೆರೆದಿತ್ತು, ದನಿ ಬರಲಿಲ್ಲ.

ಇಂದುಬಾಯಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ತಿಳಿಯಿತು. ಕರೆಂಟಿಗೆ ಸಿಕ್ಕಿಕೊಂಡವರನ್ನು ಕೈಯಿಂದ ಮುಟ್ಟಬಾರದೆಂದು ಅಪ್ಪ ಹೇಳುತ್ತಿದ್ದ. ಕಟ್ಟೆಯ ಮೂಲೆಯಲ್ಲಿದ್ದ ಒಣ ಒನಕೆಯನ್ನು ಎತ್ತಿಕೊಂಡು ಮಳೆಯೊಳಗೆ ಓಡಿದಳು. ಹಣಮವ್ವನ ತೋಳಿಗೆ ಬೀಸಿ ಹೊಡೆದಳು. ಎರಡನೆಯ ಏಟಿಗೆ ಕೈ ಬಿಟ್ಟಿತು. ಹಣಮವ್ವ ಕೆಸರಿನಲ್ಲಿ ಉರುಳಿದಳು. ಇಂದುಬಾಯಿ ತಿರುಗಿ ಓಡಿ ಸ್ವಿಚ್ಚು ಆರಿಸಿದಳು.

"ಏ, ದೀಪ ಯಾಕ ಆರಿಸಿದಿ?" ಎಂದು ಕತ್ತಲಾದ ಗ್ಯಾರೇಜಿನಿಂದ ಶಿವಶರಣಪ್ಪ ಕೂಗಿದ.

ಹಣಮವ್ವನಿಗೆ ಉಸಿರಿತ್ತು. ಅಂಗೈ ಸುಟ್ಟು ಬಿಳುಚಿತ್ತು, ತೋಳು ಬಾತಿತ್ತು. ಕಾಮಣ್ಣ ಬಂದವನು ಮೊದಲು ನೋಡಿದ್ದು ತೋಳನ್ನೇ. "ಹೊಡದೀರೇನು ಬಾಯಾರ?" ಎಂದು ಕೇಳಿದ. ಇಂದುಬಾಯಿ ಹೌದೆಂದು ತಲೆಯಾಡಿಸಿದಳು. ನಡೆದದ್ದನ್ನು ಹೇಳಿದಳು. ಅವನು ಪೂರಾ ನಂಬಿದನೋ ಇಲ್ಲವೋ, ಹೆಂಡತಿಯನ್ನು ಬಗಲಿಗೆ ಆನಿಸಿಕೊಂಡು ನಡೆದುಬಿಟ್ಟ.

ಖಂಡಪ್ಪನನ್ನು ಕರೆಸಿದರು. ತಿರುವಿನ ಹತ್ತಿರ ಪೈಪು ಬಿಚ್ಚಿದಾಗ ತಂತಿಯ ರಬ್ಬರು ಕೆರೆದು ತಾಮ್ರ ಕಾಣುತ್ತಿತ್ತು. "ನಾ ಅರ್ಥಿಂಗ್ ಮಾಡಸ್ರಿ ಅಂದಿದ್ದೆ," ಅಂದ ಖಂಡಪ್ಪ. "ಸಾಯ್ತಾರ ಅಂತ ಹೇಳಿದ್ದಿಯೇನು?" ಅಂದ ಶಿವಶರಣಪ್ಪ. ಆಮೇಲೆ ಇಬ್ಬರೂ ಒಂದು ಮಾತಿಗೆ ಬಂದರು. ಒದ್ದೆ ಕೈಯಿಂದ ಕಂಡಲ್ಲೆಲ್ಲ ಮುಟ್ಟುವ ಮಂದಿಗೆ ಬುದ್ಧಿ ಇರುವುದಿಲ್ಲ ಎಂದರು. ಅಷ್ಟಾದ ಮೇಲೆ ತಂತಿ ಬದಲಾಯಿತು, ಪೈಪಿನ ಬಾಯಿ ನಯವಾಯಿತು, ಗ್ಯಾರೇಜಿನ ಮಗ್ಗುಲಿಗೆ ಆಳವಾದ ಕುಣಿ ತೆಗೆದು ಇದ್ದಿಲು, ಉಪ್ಪು ಹಾಕಿ ತಾಮ್ರದ ಹಲಗೆಯನ್ನು ಹುಗಿದದ್ದೂ ಆಯಿತು.

ಇಂದುಬಾಯಿ ಹಣಮವ್ವನನ್ನು ನೋಡಲು ಊರ ಹೊರಗಿನ ಅವಳ ಗುಡಿಸಲಿಗೆ ಹೋದಳು. ಕಾಮಣ್ಣ ಎದ್ದು ಕಂಬಳಿ ಹಾಸಿದ.

"ತಗೀ ಅದನ್ನ," ಎಂದಳು ಹಣಮವ್ವ, ಕುಳಿತಲ್ಲಿಂದಲೇ. "ಬಾಯಾರಿಗಿ ಚುಚ್ಚತದ."

ಕಾಮಣ್ಣ ಏನು ಮಾಡಬೇಕೆಂದು ತಿಳಿಯದೆ ನಿಂತ. ಇಂದುಬಾಯಿ ನೆಲದ ಮೇಲೆಯೇ ಕೂತಳು. ಹಣಮವ್ವನ ಅಂಗೈಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು.

"ನೀ ಹೇಳಿದಾಗ ನಾ ಕೇಳಬೇಕಿತ್ತು," ಎಂದಳು ಇಂದುಬಾಯಿ.

"ಕೇಳಿದ್ರಲ್ಲ. ಕೇಳೇ ನಕ್ಕಿದ್ರಿ."

"ಕೈ ವಾಸಿ ಆದ ಮ್ಯಾಲ ಬರ್ತೀ?"

"ಕುರನೂರ ಕಡೆ ಕುರಿ ಹೊಂಟಾವು. ನಾನೂ ಹೋಗ್ತೀನಿ," ಎಂದು ಹಣಮವ್ವ ಗಂಡನ ಕಡೆ ತಿರುಗಿದಳು. "ಬಾಯಾರನ್ನ ಹಾದಿ ತನಕ ಬಿಟ್ಟ ಬಾ. ಹಾದ್ಯಾಗ ನಾಯಿ ಅದಾವ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇಂದುಬಾಯಿ ತಡೆದುಕೊಳ್ಳುತ್ತಿದ್ದಳು. ತಾನು ಗಂಡನನ್ನು ನೋಡುವ ರೀತಿಯಲ್ಲೇ ಆಕೆ ತನ್ನನ್ನು ನೋಡಿದಳು ಎಂಬುದು ಹಾದಿಯುದ್ದಕ್ಕೂ ಚುಚ್ಚಿತು. ಆ ನೋಟದ ಕೆಳಗೆ ಕೂತವರಿಗೆ ಹೇಗಿರುತ್ತದೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ.

ಕೆಲವು ದಿನಕ್ಕೆ ಶಾಂತಲಿಂಗಪ್ಪ ಮತ್ತೆ ಬಂದ. ಶಿವಶರಣಪ್ಪನಿಗೆ ಈಗ ಮೋಟಾರಿಗಿಂತ ಕುಣಿಯೇ ದೊಡ್ಡದಾಗಿತ್ತು. ಇಂದುಬಾಯಿ ಚಹಾ ತಂದಾಗ ಅವನು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದ. "ಅರ್ಥಿಂಗ್ ಅಂತಾರ ಇದಕ್ಕ. ನಿಮ್ಮ ಸೋಲಾಪುರದಾಗೂ ಎಲ್ಲಾರ ಮನ್ಯಾಗ ಇಲ್ಲ. ನಾ ಹಟಾ ಹಿಡದು ಮಾಡಸೀನಿ."

"ಯಾಕ ಮಾಡಸಿದ್ರಿ ಅನ್ನೂದೂ ಹೇಳ್ರಿ," ಎಂದಳು ಇಂದುಬಾಯಿ, ಹರಿವಾಣವನ್ನು ಅವರ ಮುಂದಿಟ್ಟು.

ಶಿವಶರಣಪ್ಪ ಅವಳನ್ನು ನೋಡಿದ. ಪರರ ಮುಂದೆ ಅವಳು ಹೀಗೆ ಮಾತಾಡಿದ್ದಿಲ್ಲ. ಅವಳೇ ಹೇಳಿದಳು. ಹಣಮವ್ವ ಮೊದಲೇ ಬಂದು ತಿಳಿಸಿದ್ದು, ತಾನು ಅವಳನ್ನು ಹಂಗಿಸಿ ಕಳಿಸಿದ್ದು, ಆಮೇಲೆ ಆದದ್ದು, ಒಂದನ್ನೂ ಬಿಡಲಿಲ್ಲ.

ಶಾಂತಲಿಂಗಪ್ಪ ಕೇಳಿ ನಕ್ಕ. "ಅಯ್ಯ, ಕುರಿ ಕಾಯೋ ಮಂದಿ ತಗೋರಿ. ಅವರ ಚರ್ಮ ದಪ್ಪ. ಬ್ಯಾರೇದವರಾಗಿದ್ರ ಅವತ್ತೇ ಮುಗೀತಿತ್ತು." ಶಿವಶರಣಪ್ಪನಿಗೆ ಜೀವ ಬಂದಂತಾಗಿ ಅವನೂ ನಕ್ಕ.

ಇಂದುಬಾಯಿ ಬಗ್ಗಿದಳು. ಇನ್ನೂ ಯಾರೂ ಮುಟ್ಟಿರದ ಚಹಾದ ಕಪ್ಪುಗಳನ್ನು ಹರಿವಾಣದ ಸಮೇತ ಎತ್ತಿಕೊಂಡಳು. ಶಾಂತಲಿಂಗಪ್ಪನ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವಳು ಒಂದು ಹನಿಯೂ ತುಳುಕದಂತೆ ನಡೆದು ಒಳಗೆ ಹೋದಳು.