ಅಮೀರ್‌ಜಾನ್ ಸಾಹೇಬರ ಮೂರು ಹುಳ

ಅಮೀರ್‌ಜಾನ್ ಸಾಹೇಬರು ಮಾತಾಡುವಾಗ ಅವರ ಹಲ್ಲುಗಳ ನಡುವೆ ಸದಾ ಒಂದು ದಾರವಿರುತ್ತಿತ್ತು. ಹೊಸಬರಿಗೆ, ಈ ಮುದುಕರು ಯಾರ ಮೇಲೋ ಹಲ್ಲು ಕಡಿಯುತ್ತಿದ್ದಾರೇನೋ ಅನ್ನಿಸಬೇಕು, ಹಾಗೆ. ನಿಜ ಹೇಳಬೇಕೆಂದರೆ, ಹೊನ್ನಾಳಿಯಲ್ಲಿ ನಾನು ಕಳೆದ ಒಂಬತ್ತು ವರ್ಷಗಳಲ್ಲಿ ಅಷ್ಟು ಶಾಂತಸ್ವಭಾವದ ಇನ್ನೊಬ್ಬರನ್ನು ಕಾಣಲಿಲ್ಲ. ವೃತ್ತಿಯಿಂದ ಅವರು ದರ್ಜಿ. ಆದರೆ ಆ ದಾರ ಅಂಗಿಯ ಗುಂಡಿಗಿಂತ ಹೆಚ್ಚಾಗಿ ಸುತ್ತಿಕೊಳ್ಳುತ್ತಿದ್ದುದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಳದ ಕೊಕ್ಕೆಗಳಿಗೆ. ಕೊಕ್ಕೆಯ ಬೆನ್ನಿಗೆ ದಾರ ಸುತ್ತಿ, ಕೊರಳಿಗೆ ಹುಂಜದ ಗರಿ ಬಿಗಿದು, ಮೀನು ನಿಜವೆಂದೇ ನಂಬಿ ನೀರಿನ ಮೇಲಕ್ಕೆ ಎದ್ದುಬರುವಂಥ ಹುಸಿ ಕೀಟಗಳನ್ನು ಅವರು ಕಟ್ಟುತ್ತಿದ್ದರು. ಅವರ ಬಾಯಲ್ಲಿ ಅದಕ್ಕೆ ಬರೀ ‘ಹುಳ’ ಎಂದು ಹೆಸರು.

ಭದ್ರಾ ಕಾಲುವೆಯ ಕೆಲಸ ನಡೆದಿದ್ದಾಗ ಯಾರೋ ಇಂಜಿನಿಯರ್ ದೊರೆಯ ಬಳಿ ಅಡುಗೆಗಿದ್ದು ಕಲಿತ ವಿದ್ಯೆಯಂತೆ. ದೊರೆ ವರ್ಗವಾಗಿ ಹೋಗುವಾಗ ಒಂದು ಖಾಕಿ ಕೋಟನ್ನೂ ಕೊಕ್ಕೆಗಳ ತಗಡಿನ ಡಬ್ಬಿಯನ್ನೂ ಇವರಿಗೆ ಬಿಟ್ಟುಹೋದರು. ಕೋಟು ದೊಡ್ಡದು, ಸಾಹೇಬರು ಸಣ್ಣವರು. ಅರ್ಧ ಊರಿನ ಅಂಗಿಗಳನ್ನು ಮೈಗೆ ಹೊಂದಿಸಿದ ಈ ಮಹಾನುಭಾವರು ತಮ್ಮ ಕೋಟಿಗೆ ಮಾತ್ರ ಕತ್ತರಿ ತಾಗಿಸದೆ ಇಪ್ಪತ್ತೈದು ವರ್ಷ ಅದರೊಳಗೇ ಜೋತಾಡಿದರು. ಹೊಲಿಗೆ ಯಂತ್ರ ತುಳಿದು ತುಳಿದು ಅವರ ಪಾದಕ್ಕೂ ಒಂದು ಲಯ ಬಂದಿತ್ತು. ರಸ್ತೆಯಲ್ಲಿ ನಡೆಯುವಾಗಲೂ ಬೆರಳು, ಹಿಮ್ಮಡಿ, ಬೆರಳು, ಹಿಮ್ಮಡಿ ಎಂದು ತುಳಿದುಕೊಂಡೇ ಹೋಗುತ್ತಿದ್ದರು. ಕೋಟಿನ ಎಡಗಡೆಯ ಎದೆಪಟ್ಟಿಯಲ್ಲಿ ಮೂರು ಹುಳ ಚುಚ್ಚಿರುತ್ತಿದ್ದವು.

ನಾನು ಜಗಳೂರಿನವನು. ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಸರದಿ ನಿಂತು ಬೆಳೆದವನು, ಎಪ್ಪತ್ತಾರರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಹೊನ್ನಾಳಿಗೆ ಬಂದು, ತುಂಬಿದ ತುಂಗಭದ್ರೆಯನ್ನು ಕಂಡು ಬಾಯಿಬಿಟ್ಟು ನಿಂತವನು. ಅಂಗಿಯ ಅಳತೆ ಕೊಡಲು ಹೋದ ದಿನವೇ ಆ ಮೂರು ಹುಳಗಳಿಗೆ ಮನಸೋತೆ. ಕಲಿಸುತ್ತೀರಾ ಎಂದು ಕೇಳಿಯೂಬಿಟ್ಟೆ. ನನ್ನ ಕೊರಳ ಸುತ್ತ ಟೇಪು ಹಿಡಿದಿದ್ದವರು ಒಂದು ಗಳಿಗೆ ಹಾಗೆಯೇ ನಿಂತರು. ಆಮೇಲೆ, ಭಾನುವಾರ ಬರ್ರಿ ಎಂದರು.

ಅವರಿಗೆ ಶಿಷ್ಯರೇ ಇರಲಿಲ್ಲ. ಒಮ್ಮೆ ಬಲೆ ಬೀಸಿದರೆ ಬುಟ್ಟಿ ತುಂಬುವ ಊರಿನಲ್ಲಿ ಗರಿ ಸುತ್ತುತ್ತ ಯಾರು ಕೂತಾರು? ಆ ವೇಳೆಗಾಗಲೇ ಅವರ ಬಲಗೈ ನಡುಗತೊಡಗಿತ್ತು. ಇದು ಹೆಚ್ಚುತ್ತಲೇ ಹೋಗುವ ನಡುಕವೆಂದು ಡಾಕ್ಟರು ಹೇಳಿದ್ದರು. ಅಂಗಿ ಹೊಲಿಯುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ, ಅದರ ಚಿಂತೆ ಇವರಿಗಿಲ್ಲ, ಈ ಹುಳದ ವಿದ್ಯೆ ತಮ್ಮ ಜೊತೆಗೇ ಮಣ್ಣಿಗೆ ಹೋಗುತ್ತದಲ್ಲ ಎಂಬುದೊಂದೇ ಕೊರಗು ಎಂದು ಅವರ ಹೆಂಡತಿ ತಾಜ್‌ಬೀ ಚಹಾ ಕೊಡುವಾಗ ಮೆಲ್ಲಗೆ ನನಗೆ ಹೇಳಿದ್ದರು.

ಕಲಿಯುವವನಿಗೆ ಮೂರು ಹುಳ ಸಾಕು ಎಂಬುದು ಅವರ ಸಿದ್ಧಾಂತ. ಮೊದಲನೆಯದು ಕರಿಹುಳ: ಕಪ್ಪು ದಾರದ ಮೈ, ಕೊರಳಿಗೆ ಎರಡೇ ಸುತ್ತು ಗರಿ. ದಾರ ಸಡಿಲಬಿಡದೆ ಹಿಡಿಯಲು ಅದು ಕಲಿಸುತ್ತದೆ. ಅದು ಬಂದ ಮೇಲೆ ಹುಲ್ಲುಹುಳ. ಮೇಣ ಸವರಿದ ದಾರಕ್ಕೆ ಮೇಕೆಯ ಕೂದಲು ಹೊಸೆದ ಒರಟು ಮೈ, ಹೊಸೆಯುವ ಬೆರಳಿಗೆ ಹದ ಗೊತ್ತಿರಬೇಕು. ಕೊನೆಗೆ ಮಳೆಹುಳ, ಅಂದರೆ ಮುಂಗಾರಿನ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲಿನ ಪ್ರತಿರೂಪ. ಅದರ ಜೋಡಿರೆಕ್ಕೆ ಸಮ ಕೂರಿಸುವುದರೊಳಗೆ ನನಗೆ ಸಾಕುಸಾಕಾಯಿತು. ಮೇಜಿನಂಚಿಗೆ ಬಿಗಿದ ಇಕ್ಕಳದಲ್ಲಿ ಕೊಕ್ಕೆ ಸಿಕ್ಕಿಸಿ ನಾನು ಬೆವರಿಳಿಸಿಕೊಂಡು ಕಟ್ಟಿದ್ದನ್ನು ಅವರು ಎರಡು ಕಡೆ ತಿರುಗಿಸಿ ನೋಡಿ, ಅರ್ಧ ಬ್ಲೇಡಿನಿಂದ ಕರಕರ ಬಿಚ್ಚಿ, ಬರಿಯ ಕೊಕ್ಕೆಯನ್ನು ವಾಪಸು ಕೊಡುತ್ತಿದ್ದರು. ಬೈಗುಳವಿಲ್ಲ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಡ್ರಾಯಿಂಗ್ ಮೇಷ್ಟ್ರಲ್ಲವೇ ನಾನು, ಒಮ್ಮೆ ಕರಿಹುಳಕ್ಕೆ ಜರಿಯ ಎಳೆ ಸುತ್ತಿ, ಕುಂಚದಿಂದ ಎರಡು ಕಣ್ಣನ್ನೂ ಬರೆದೆ.

“ಇದು ಮದುವಿಗೆ ಹೊಂಟೈತೆ, ಮೇಷ್ಟ್ರೇ” ಎಂದು ಅದನ್ನೂ ಬಿಚ್ಚಿದರು.

ನಾನು ಬಾಡಿಗೆಗಿದ್ದ ಮನೆಯೊಡತಿ ಕಸ್ತೂರಮ್ಮನವರು ನನ್ನ ಕೋಣೆಯಲ್ಲಿ ಹುಂಜದ ಗರಿ ಕಂಡು ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟಿದ್ದರು. ಅವರ ಸಂಶಯ ಅನ್ಯಾಯದ್ದು. ನಾನು ಮೀನು ತಿನ್ನುವುದಿರಲಿ, ಒಂದು ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವ ಮನಸ್ಸೂ ನನ್ನಲ್ಲಿ ಹುಟ್ಟಿರಲಿಲ್ಲ. ಆದರೆ ಈ ಸತ್ಯವನ್ನು ಸಾಹೇಬರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ನಾನು ಕಟ್ಟಿದ್ದರಲ್ಲಿ ಬ್ಲೇಡಿಗೆ ತಪ್ಪಿಸಿಕೊಂಡ ಒಂದೋ ಎರಡೋ ಹುಳವನ್ನು ಹೊಳೆಗೆ ಒಯ್ಯಲು ಕೊಟ್ಟು, ಮುಂದಿನ ಭಾನುವಾರ “ಮೀನು ಎದ್ದಿತಾ?” ಎಂದು ಕೇಳುವರು. ಪರೀಕ್ಷೆ ಇತ್ತು, ನೆಗಡಿ ಇತ್ತು, ಹೊಳೆ ಕೆಂಪಗೆ ಬಂದಿತ್ತು ಎಂದು ನಾನು ಏನೇನೋ ಹೇಳಿ ಜಾರಿಕೊಳ್ಳುತ್ತಿದ್ದೆ. ಒಂದು ಜೀವಮಾನದ ವಿದ್ಯೆಯನ್ನು ಆ ನಡುಗುವ ಕೈ ಎಂದೂ ಗಾಳ ಹಾಕದ ಕೈಗೆ ಸುರಿಯುತ್ತಿದೆಯಲ್ಲ ಎಂದು ನಾಚಿಕೆಯಾಗುತ್ತಿತ್ತು.

ಮೂರನೆಯ ವರ್ಷದ ಕಾರ್ತಿಕದಲ್ಲಿ ನನ್ನ ಮಳೆಹುಳವೊಂದನ್ನು ನೋಡಿ ಅವರು ಬ್ಲೇಡಿಗೆ ಕೈಹಾಕಲಿಲ್ಲ. ಅಷ್ಟರಲ್ಲಿ ಅವರ ಬೆರಳು ದಾರ ಹಿಡಿಯುವುದನ್ನೇ ಬಿಟ್ಟಿತ್ತು. ತಂತಿ ಕತ್ತರಿಸುವ ಕೈಯಿಕ್ಕಳವೊಂದನ್ನು ಕೋಟಿನ ಜೇಬಿಗೆ ಹಾಕಿಕೊಂಡು, ನಡೀರಿ ಹೊಳೆಗೆ ಎಂದರು. ದಡದಲ್ಲಿ ಹುಳ ಕಟ್ಟಿದ ಬಿದಿರಿನ ಗಳುವನ್ನು ನನ್ನ ಕೈಗಿತ್ತು ಪಕ್ಕಕ್ಕೆ ನಿಂತರು. ನನ್ನ ಕೈ ಮೇಲೇಳಲಿಲ್ಲ.

“ಸಾಹೇಬ್ರೇ, ನನ್ನ ಕೈಲಿ ಆಗಾಕಿಲ್ಲ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ.”

ಅವರು ಹಲ್ಲಿನ ನಡುವಿನ ದಾರ ತೆಗೆದರು. ಅದಿಲ್ಲದ ಅವರ ದನಿಯನ್ನು ನಾನು ಕೇಳಿದ್ದು ಆವತ್ತೇ.

“ಗೊತ್ತಿತ್ತು ಕಣ್ರೀ. ಅಳತೆ ತಗಂಡ ದಿನಾನೇ ನಿಮ್ಮ ಕೊರಳಾಗೆ ಶಿವದಾರ ಕಂಡಿದ್ದೆ.”

“ಮತ್ತೆ ಯಾಕೆ ಕಲಿಸಿದ್ರಿ?”

“ಕೇಳಿದೋರು ನೀವೊಬ್ಬರೇ ಅಲ್ಲೇನ್ರೀ.”

ಹಾಗೆಂದವರೇ ಗಳುವಿನ ತುದಿಯ ಹುಳವನ್ನು ಹತ್ತಿರ ಎಳೆದುಕೊಂಡು, ಎರಡೂ ಕೈಯಲ್ಲಿ ಇಕ್ಕಳ ಹಿಡಿದು, ನಾಲ್ಕು ಸಲ ತಪ್ಪಿ, ಐದನೆಯ ಸಲ ಕೊಕ್ಕೆಯ ಮೊನೆಯನ್ನು ಕಟಕ್ಕನೆ ಕತ್ತರಿಸಿ ಹಾಕಿದರು. ಈಗ ಬಿಡ್ರಿ ಎಂದರು. ಬಿಟ್ಟೆ. ಹುಳ ನೀರಿನ ಮೇಲೆ ತೇಲುತ್ತ ಎರಡು ಮಾರು ಹೋಯಿತೋ ಇಲ್ಲವೋ, ಬೆಳ್ಳನೆಯ ಸಣ್ಣ ಮೀನೊಂದು ಸರ್ರನೆ ಮೇಲೆ ಬಂದು ಕಚ್ಚಿ, ರುಚಿಯಿಲ್ಲವೆಂದು ಉಗುಳಿ, ತನ್ನ ದಾರಿ ಹಿಡಿಯಿತು. ನಾನು ತಿರುಗಿ ನೋಡಿದರೆ ಸಾಹೇಬರ ಕಣ್ಣು ತುಂಬಿತ್ತು. “ಎದ್ದಿತು” ಎಂದರು, ಯಾರಿಗೋ ವರದಿ ಒಪ್ಪಿಸುವಂತೆ.

ಎಂಬತ್ಮೂರನೆಯ ಇಸವಿಯಲ್ಲಿ ಅವರು ತೀರಿಕೊಂಡರು. ಆಮೇಲೆ ನಾನೂ ಕೆಲವರಿಗೆ ಆ ಮೂರು ಹುಳ ಕಲಿಸಿದ್ದೇನೆ. ಅವರಲ್ಲಿ ಮೀನು ಹಿಡಿಯುವವರೂ ಇದ್ದಾರೆ. ವಿದ್ಯೆಯುಳ್ಳ ಬಹಳ ಮಂದಿ ತಮ್ಮಂಥವನೇ ಒಬ್ಬ ಬರಲೆಂದು ಕಾದು, ತಮ್ಮ ಡಬ್ಬಿಯ ಸಮೇತ ಹೋಗಿಬಿಡುತ್ತಾರೆ. ಎಲ್ಲೋ ಒಬ್ಬಿಬ್ಬರು ಮಾತ್ರ ಬಂದವನ ಕೊರಳನ್ನು ನೋಡಿ, ಕೈಯನ್ನೂ ನೋಡಿ, ಅವನಿಗೆ ಚುಚ್ಚುವಷ್ಟನ್ನು ತಮ್ಮ ಕೈಯಾರೆ ಕತ್ತರಿಸಿ ತೆಗೆದು, ಉಳಿದದ್ದನ್ನೆಲ್ಲ ಕೊಟ್ಟು ಹೋಗುತ್ತಾರೆ.