ಮಂಟಯ್ಯನ ಹೊಟ್ಟೆಯಲ್ಲಿ ವೇಷ ಬದಲಿಸಿದವನು

ಹುಣಸೂರಿನ ಒಂದು ಖಾಸಗಿ ಲ್ಯಾಬಿನ ಹಿರಿಯ ತಂತ್ರಜ್ಞ ಗೌರೀಶ್ ಅವರಿಗೆ ಸೀಲಿನ ಮೇಲಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಹೊಗೆಸೊಪ್ಪು ಬೆಳೆಯುವ ಮನೆಯ ಮಗ. ಹರಾಜು ಕಟ್ಟೆಯಲ್ಲಿ ಸೊಪ್ಪು ಕಟ್ಟಿದ ಬೇಲ್‌ಗೆ ಚೀಟಿ ಬಿದ್ದ ಮೇಲೆ ಯಾರೂ ಮುಟ್ಟದ ಹಾಗೆ, ಇಲ್ಲೂ ಬ್ಯಾಕ್ಟೀರಿಯಾ ಇಟ್ಟ ಪ್ರತಿ ಬಾಟಲಿಗೆ ಚೀಟಿ ಸುತ್ತಿ, ಅರಗು ಹಾಕಿ, ಅಡ್ಡಡ್ಡ ಸಹಿ ಮಾಡುತ್ತಿದ್ದರು. ಒಳಗಿರುವ ಜೀವಿಗೆ ಸಹಿ ಓದಲು ಬರುವುದಿಲ್ಲವೆಂದು ಅವರಿಗೆ ಹೇಳುವವರು ಯಾರು?

ಗಾವಡಗೆರೆಯ ಅನುಶ್ರೀ ಅಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಬಿಳಿಕೆರೆಯ ಮಂಟಯ್ಯನಿಗೆ ರಕ್ತಭೇದಿಯಾಗಿ, ಹತ್ತು ದಿನದ ಅಂತರದಲ್ಲಿ ಅವನ ಮಲವನ್ನು ಎರಡು ಸಲ ಪರೀಕ್ಷಿಸಿದ್ದಳು. ಎರಡು ಸಲವೂ ಒಂದೇ ಜಾತಿಯ ಬ್ಯಾಕ್ಟೀರಿಯಾ, ಆದರೆ ಮೊದಲ ಸಲ ಒಂದು ಬಗೆ, ಎರಡನೆಯ ಸಲ ಇನ್ನೊಂದು ಬಗೆ. ಒಬ್ಬನ ಹೊಟ್ಟೆಯೊಳಗೆ ಬಗೆ ಬದಲಾಗದು, ಇವಳೇ ಡಬ್ಬಿ ಅದಲುಬದಲು ಮಾಡಿದ್ದಾಳೆಂದು ಗೌರೀಶ್ ತೀರ್ಮಾನಿಸಿ, ಕೆಲಸದಿಂದ ತೆಗೆಯಬೇಕೆಂದು ಕಾಗದ ಬರೆದಿಟ್ಟರು. ಸೋಮವಾರ ಮಾಲೀಕರ ಕೈಗೆ ಕೊಡುವುದೊಂದೇ ಬಾಕಿ. ಮಂಟಯ್ಯನನ್ನು ಕರೆಸಿ ವಿಚಾರಿಸಿದ್ದೂ ಆಯಿತು.

"ನನ್ನೊಟ್ಟೇದು ನಾನೇ ತಂದಿವ್ನಿ ಸ್ವಾಮಿ, ಬ್ಯಾರೆಯವ್ರದ್ದು ಎಲ್ಲಿಂದ ತರಾನ?" ಎಂದು ಅವನು ಮುನಿಸಿಕೊಂಡು ಹೋದ.

ಅನುಶ್ರೀಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವಳಿಗೊಂದು ಗುಮಾನಿಯಿತ್ತು. ಬ್ಯಾಕ್ಟೀರಿಯಾದ ಮೈಮೇಲೆ ಸಕ್ಕರೆಯ ಸರಗಳಿರುತ್ತವೆ, ಬಗೆ ಗುರುತಿಸುವುದು ಆ ಸರದಿಂದಲೇ. ಬ್ಯಾಕ್ಟೀರಿಯಾವನ್ನೇ ಹಿಡಿಯುವ ಕೆಲವು ವೈರಸ್‌ಗಳು ಒಳಹೊಕ್ಕು, ಹೆಚ್ಚಿನವನ್ನು ಕೊಂದರೂ ಕೆಲವನ್ನು ಕೊಲ್ಲದೆ ಅಲ್ಲೇ ಬಿಡಾರ ಹೂಡುತ್ತವೆ. ಆಮೇಲೆ ತಮ್ಮ ಜೀನಿನ ಬಲದಿಂದ ಆ ಸರಕ್ಕೆ ಇನ್ನೊಂದು ಚೂರು ಸಕ್ಕರೆ ಪೋಣಿಸುತ್ತವೆ. ಹೊರಗೆ ಅಲೆಯುವ ದಾಯಾದಿ ವೈರಸ್‌ಗಳಿಗೆ ಬಾಗಿಲಿನ ಗುರುತು ಸಿಗಬಾರದಲ್ಲ! ಕಣ್ಣಿಗೆ ಕಾಣದಷ್ಟು ಸಣ್ಣದಕ್ಕೂ ಇಂಥ ಬುದ್ಧಿ. ಸರ ಬದಲಾದರೆ ಬಗೆಯೂ ಬದಲು; ಮಂಟಯ್ಯನ ಹೊಟ್ಟೆಯಲ್ಲೂ ಇದೇ ಆಗಿರಬೇಕು.

ಅವಳು ಎರಡನೆಯ ಬಗೆಯನ್ನು ಬೆಳೆಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಸೋಸಿ, ವೈರಸ್ ಮಾತ್ರ ಇದ್ದ ತಿಳಿನೀರನ್ನು ಗೌರೀಶ್ ಕೈಗೆ ಕೊಟ್ಟಳು. ಮುಂದಿನದೆಲ್ಲ ನೀವೇ ಮಾಡಿ ಎಂದಳು. ಅವರು ತಮ್ಮ ಅರಗು ತಾವೇ ಒಡೆದು, ಮೊದಲ ಬಗೆಯನ್ನು ತಟ್ಟೆಯಲ್ಲಿ ಹರಡಿ, ಮೇಲೆ ಒಂದು ಹನಿ ಬಿಟ್ಟು, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು ಕೀಲಿ ಜೇಬಿಗಿಳಿಸಿದರು. ಮರುದಿನ ಹನಿ ಬಿದ್ದಲ್ಲಿ ಹೆಚ್ಚಿನವು ಸತ್ತು ಕೆಲವು ಉಳಿದಿದ್ದವು. ಉಳಿದವನ್ನು ಅವರೇ ಬೆಳೆಸಿದರು. ಮೂರನೆಯ ದಿನ ಗಾಜಿನ ಮೇಲಿಟ್ಟು, ಎರಡನೆಯ ಬಗೆಯನ್ನು ಮಾತ್ರ ಹಿಡಿಯುವ ಸೀರಮ್ ಬೆರೆಸಿದರು. ಒಡೆದ ಹಾಲಿನಂತೆ ಗಂಟುಗಂಟಾಯಿತು. ಮೊದಲ ಬಗೆ ಎರಡನೆಯದಾಗಿತ್ತು. ಕನ್ನಡಕ ಒರೆಸಿಕೊಂಡು ಮೂರು ಸಲ ಮಾಡಿದರು. ಮೂರು ಸಲವೂ ಅದೇ.

ಅನುಶ್ರೀ ಕೈಕಟ್ಟಿ ನಿಂತು ತೀರಾ ವಿನಯದಿಂದ ಕೇಳಿದಳು: "ಸಾರ್, ಇದನ್ನ ನಾನಂತೂ ಮುಟ್ಟಿಲ್ಲ. ಅದಲುಬದಲು ಮಾಡ್ದೋರ್ನ ತೆಗೀಬೇಕು ಅಂತ ನೀವೇ ಬರ್ದಿದೀರಿ. ಕಾಗದದಲ್ಲಿ ಹೆಸರು ಮಾತ್ರ ತಿದ್ದಿದ್ರೆ ಸಾಕಾ?"

ಗೌರೀಶ್ ಡ್ರಾಯರಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. "ಓಗ್ಲಿ ಬುಡಮ್ಮ," ಅಂದರು.

ಅವಳು ಬಿಡಲಿಲ್ಲ. ಹೊಸ ಹಾಳೆ ಅವರ ಮುಂದಿಟ್ಟಳು. ಎರಡೂ ಮಾದರಿ ಮಂಟಯ್ಯನದೇ, ಅನುಶ್ರೀಯ ತಪ್ಪೇನೂ ಇಲ್ಲ ಎಂದು ಅವರು ಬರೆದು ಮುಗಿಸುವ ತನಕ ಜಾಗ ಬಿಟ್ಟು ಕದಲಲಿಲ್ಲ. ಓದುವಾಗ ಅವಳ ಕಣ್ಣು ತುಂಬಿ ಬಂತು.

"ಮಾಲೀಕ್ರಿಗೆ ನೀವೇ ಓದಿ ಹೇಳ್ಬೇಕು ಸಾರ್," ಎಂದು ಹಾಳೆಯನ್ನು ಅವರ ಕೈಗೇ ಕೊಟ್ಟು, ಮಾಲೀಕರ ಕೋಣೆಯ ಬಾಗಿಲು ತೆರೆದು ಹಿಡಿದಳು.